ಎವೋದಿಯೋನ ನೂರು

ಮೆಕ್ಯಾನಿಕ್ ಎವೋದಿಯೋ ಮೊದಲ ಸಲ ಲಿಬ್ರಾದಾಳ ಒಲೆಯ ಹತ್ತಿರ ಬಂದದ್ದು ಕುದಿಯುವ ನೀರು ಕೇಳಿಕೊಂಡು. ಒಂದು ಕೈಯಲ್ಲಿ ಕಾರಿನ ಎಣ್ಣೆಯ ಬಿಸಿ ತೋರಿಸುವ ಮೀಟರ್, ಇನ್ನೊಂದರಲ್ಲಿ ಅದಕ್ಕೆ ಕರೆಂಟು ಕೊಡುವ ಬ್ಯಾಟರಿ. ಟ್ಯಾಕ್ಸಿಯವರಿಗೆ ಊಟ ಮಾರುತ್ತಿದ್ದ ಲಿಬ್ರಾದಾ ಆಗ ಕಪ್ಪು ಕಾಳಿನ ಮಡಕೆಗೆ ಬೈಯುತ್ತ ಕೂತಿದ್ದಳು.

"ಕಾಯಿರಿ. ಈ ಕ್ವಾವ್‌ತೆಪೆಕ್ ಬೆಟ್ಟದಲ್ಲಿ ಕಾಳಿಗೂ ಸೋಮಾರಿತನ. ನಮ್ಮೂರಲ್ಲಿ, ಸಮುದ್ರದ ದಡದಲ್ಲಿ, ಇಷ್ಟೊತ್ತಿಗೆ ಬೆಣ್ಣೆ ಆಗಿರ್ತಿತ್ತು."

"ಕಾಳಿಂದೇನೂ ತಪ್ಪಿಲ್ಲ ದೋನ್ಯಾ. ನಿಮ್ಮ ಯಜಮಾನ ಹಸಿ ಸೌದೆ ತಂದಿದಾನೆ" ಎಂದ ಎವೋದಿಯೋ, ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ಕರೆದು.

"ನೀನು ಮೊದಲು ನನ್ನ ಕಾರು ನೋಡು. ಸೌದೆ ಆಮೇಲೆ ನೋಡೀಯಂತೆ" ಎಂದ ಅವಳ ಗಂಡ ಚೆನ್ಚೋ, ರೊಟ್ಟಿ ಅಗಿಯುತ್ತಲೇ.

ಮೀಟರು ಚೆನ್ಚೋನ ವೋಚೋ ಟ್ಯಾಕ್ಸಿಯದ್ದೇ. ಬಸ್ಸು ಹತ್ತದ ಏರನ್ನು ಹತ್ತುವುದು ಆ ಗುಂಡು ಕಾರುಗಳೇ. ಎಂಜಿನ್ ಹಿಂದೆ, ರೇಡಿಯೇಟರ್ ಇಲ್ಲ, ಗಾಳಿ ಮತ್ತು ಎಣ್ಣೆಯಿಂದಲೇ ತಂಪಾಗಬೇಕು. ಎಣ್ಣೆ ಮಿತಿಮೀರಿ ಕಾದರೆ ನೀರಿನಂತಾಗಿ ಎಂಜಿನ್ ಕಚ್ಚಿಕೊಂಡು ನಿಂತುಬಿಡುತ್ತದೆ. ಎವೋದಿಯೋನ ಅಣ್ಣನ ಕಾರು ಹಾಗೆ ಕಚ್ಚಿಕೊಂಡು, ಹಿಂದಕ್ಕೆ ಉರುಳಿ, ಅವನನ್ನು ನುಂಗಿತ್ತು. ಅಂದಿನಿಂದ ಎವೋದಿಯೋ ಯಾರ ಮೀಟರನ್ನೂ ನಂಬುತ್ತಿರಲಿಲ್ಲ. ಶಾಲೆಯಿಂದ ಅವನ ತಲೆಯಲ್ಲಿ ಉಳಿದಿದ್ದ ಪಾಠ ಒಂದೇ: ನೀರು ನೂರು ಡಿಗ್ರಿಗೆ ಕುದಿಯುತ್ತದೆ.

ಮೀಟರನ್ನು ಬ್ಯಾಟರಿಗೆ ಸಿಕ್ಕಿಸಿ, ತಂತಿಯ ತುದಿಯ ಹಿತ್ತಾಳೆ ಗುಬುಟನ್ನು ಪಾತ್ರೆಯ ತಳಕ್ಕೆ ತಾಗದ ಹಾಗೆ ನೀರಿಗೆ ಇಳಿಬಿಟ್ಟು, ಮುಳ್ಳು ಅಲುಗಾಡದೆ ನಿಲ್ಲುವವರೆಗೂ ಕಾದ. ತೊಂಬತ್ತೆರಡು.

"ನೋಡಿದಿರಾ, ಎಂಟು ನುಂಗ್ತಿದೆ ಕಳ್ಳ" ಎಂದು ಮುಳ್ಳನ್ನು ಕಿತ್ತು ನೂರಕ್ಕೆ ಕೂರಿಸಿದ. ಲಿಬ್ರಾದಾಳ ಉಗುರುಬಣ್ಣ ಕೇಳಿ ಪಡೆದು, ಗಾಜಿನ ಮೇಲೆ ನೂರಿಪ್ಪತ್ತರ ಹತ್ತಿರ ಕೆಂಪು ಚುಕ್ಕಿ ಇಟ್ಟ.

"ಮುಳ್ಳು ಇಲ್ಲಿಗೆ ಬಂದ್ರೆ ನಿಲ್ಲಿಸ್ಬೇಕು ಚೆನ್ಚೋ. ಯಾರು ಏನೇ ಅಂದ್ರೂ ನಿಲ್ಲಿಸ್ಬೇಕು."

"ಪ್ಯಾಸೆಂಜರ್ ಬೈದ್ರೆ ನಿನ್ನ ಹೆಸರು ಹೇಳ್ತೀನಿ ಬಿಡು."

ಬರಬರುತ್ತ ಬೆಟ್ಟದ ವೋಚೋಗಳಲ್ಲೆಲ್ಲ ಎವೋದಿಯೋನ ನೂರೇ ನಡೆಯಿತು. ಒಂಟಿ ಮನುಷ್ಯ, ಮಲಗುವುದು ಅಂಗಡಿಯ ಹಿಂದೆ, ಊಟ ಲಿಬ್ರಾದಾಳ ಹತ್ತಿರ. ಚುಕ್ಕಿ ಮೀರಿ ಓಡಿಸಿದವನು ಸಿಕ್ಕರೆ ಅವನ ಬೋಣಿ ಹಾಳಾಗುವಷ್ಟು ಬೈಯುತ್ತಿದ್ದ.

ಚೆನ್ಚೋ ಮೀರಲಿಲ್ಲ. ಒಂದು ಮಧ್ಯಾಹ್ನ ಪ್ರಾರ್ಥನಾಮಂದಿರದ ಕೆಳಗಿನ ತಿರುವಿನಲ್ಲಿ ಮುಳ್ಳು ಚುಕ್ಕಿ ಮುಟ್ಟಿತು. ಕೂತವರನ್ನು ಇಳಿಸಿ ನಡೆದು ಹೋಗಲು ಹೇಳಿ, ಎಂಜಿನ್ ಮುಚ್ಚಳ ಎತ್ತಿ ಕೋಲು ಕೊಟ್ಟು, ಅದು ಆರಲೆಂದು ಪಕ್ಕದಲ್ಲಿ ನಿಂತ. ಮೇಲಿನಿಂದ ಬ್ರೇಕ್ ತಪ್ಪಿ ಬಂದ ನೀರಿನ ಟ್ಯಾಂಕರ್ ಅವನನ್ನೂ ಕಾರನ್ನೂ ಗೋಡೆಗೆ ಒತ್ತಿತು.

ಸತ್ತ ಚೆನ್ಚೋನಿಗಾಗಿ ನಡೆದ ಒಂಬತ್ತು ರಾತ್ರಿಯ ಪ್ರಾರ್ಥನೆಗೂ ಎವೋದಿಯೋ ಬಂದ. ಒಳಗೆ ಬರದೆ ಹೊಸ್ತಿಲ ಹೊರಗೇ ಕೂತ. ಯಾರೂ ಅವನನ್ನು ಒಂದು ಮಾತು ಅನ್ನಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವನು ಮೂರು ಹೊಸ ಮೀಟರು ಹಿಡಿದು ಒಲೆಯ ಹತ್ತಿರ ಬಂದ. ಲಿಬ್ರಾದಾ ಎಂದಿನಂತೆ ನೀರಿಟ್ಟಳು. ಮೂರನ್ನೂ ಒಟ್ಟಿಗೆ ಇಳಿಬಿಟ್ಟ. ಮೂರೂ ಮುಳ್ಳು ತೊಂಬತ್ತೆರಡರಲ್ಲೇ ನಿಂತವು.

"ಮೂರೂ ಬೇರೆ ಬೇರೆ ಕಂಪನಿಯವು ದೋನ್ಯಾ. ಮಾತಾಡಿಕೊಂಡು ಒಂದೇ ಸುಳ್ಳು ಹೇಳೋಕೆ ಇವೇನು ಅಣ್ಣತಮ್ಮಂದಿರಾ?"

ಅವಳು ಒಲೆಗೆ ಬೀಸುವುದನ್ನು ನಿಲ್ಲಿಸಿದಳು.

"ಈ ಎತ್ತರದಲ್ಲಿ ನೀರು ನೂರು ಮುಟ್ಟೋ ಮೊದಲೇ ಕುದಿಯುತ್ತೇನೋ. ಹಾಗಾದ್ರೆ ಚೆನ್ಚೋನ ಮೀಟರ್ ಸರಿಯಾಗೇ ಇತ್ತು. ಎಂಟು ಸೇರಿಸಿದ್ದು ನಾನು. ಅವತ್ತು ಮುಳ್ಳು ನೂರಿಪ್ಪತ್ತು ಅಂದಾಗ ಎಣ್ಣೆ ನಿಜವಾಗಿ ಇದ್ದದ್ದು ನೂರಹನ್ನೆರಡರಲ್ಲಿ, ಇನ್ನೂ ತಡೀತಿತ್ತು. ಅಲ್ಲಿ ನಿಲ್ಲಬೇಕಾಗೇ ಇರಲಿಲ್ಲ."

"ಬ್ರೇಕ್ ಇಲ್ಲದ ಲಾರಿ ಬಿಟ್ಟವನು ನೀನಲ್ಲ" ಎಂದಳು. ಸೌಟು ತೆಗೆದುಕೊಂಡು ಮಡಕೆಯೊಳಗೆ ತಿರುವಿದಳು. ಸೌದೆ ಒಣಗಿದ್ದೇ, ನೀರೂ ಕುದಿಯುತ್ತಲೇ ಇತ್ತು; ಆದರೂ ನಸುಕಿನಲ್ಲಿ ಇಟ್ಟ ಕಾಳು ಇನ್ನೂ ಕಲ್ಲಿನಂತೆ ಸದ್ದು ಮಾಡುತ್ತಿತ್ತು.

ಮರುದಿನದಿಂದ ಅವನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಾಗಲಿಲ್ಲ. ಮೂರು ಮೀಟರು ತಂದಿದ್ದ ಆ ಬೆಳಿಗ್ಗೆ, ಹೊರಡುವ ಮೊದಲು, ಅವನು ಸೌಟನ್ನೇ ನೋಡುತ್ತ ಕೇಳಿದ್ದು ಇಷ್ಟೇ:

"ನಿಮ್ಮೂರಲ್ಲಿ, ಸಮುದ್ರದ ದಡದಲ್ಲಿ, ಇದೇ ಕಾಳು ನಿಜವಾಗ್ಲೂ ಬೇಗ ಬೇಯ್ತಿತ್ತಾ, ದೋನ್ಯಾ?"