ಆರುನೂರು ಪಿಕ್ಸೆಲ್ಲಿನ ಭಾವ

ಶಹಾಬಾದಿನಲ್ಲಿ ನನ್ನದು ಬ್ಯಾನರ್ ಅಂಗಡಿ. ಬಿಡುವಿದ್ದಾಗ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ, ಯಾರು ಬೇಕಾದರೂ ಕೊಂಡು ಬಳಸಬಹುದಾದ ಸ್ಟಾಕ್ ಚಿತ್ರ ಮಾರುವ ಜಾಲತಾಣಕ್ಕೆ ಹಾಕುತ್ತಿದ್ದೆ. ಒಮ್ಮೆ ಕಲ್ಲುಖಣಿಯ ಕೂಲಿಕಾರನ ಚಿತ್ರಕ್ಕೆ ಅಕ್ಕನ ಗಂಡನನ್ನೇ ಎದುರಿಗೆ ಕೂರಿಸಿದೆ. ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕೆಲಸ ಅವರದು. "ಮೂಗ ಸ್ವಲ್ಪ ಸಣ್ಣ ಮಾಡಪಾ, ನಿಮ್ಮಕ್ಕ ದಿನಾ ಆಡ್ಕೊಂತಾಳ," ಅಂದರು. ನಾನು ಮಾಡಲಿಲ್ಲ; ಇದ್ದ ಹಾಗೇ ಬಿಡಿಸಿ ತಾಣಕ್ಕೆ ಹಾಕಿದೆ.

ಅದು ವೆಕ್ಟರ್ ಚಿತ್ರ, ಬರೀ ಗೆರೆಗಳ ಲೆಕ್ಕ. ಬೆಂಕಿಪೊಟ್ಟಣದಷ್ಟು ಕೇಳಿದರೂ ಸೈ, ಗೋಡೆಯಷ್ಟು ಕೇಳಿದರೂ ಸೈ. ಆದರೆ ಪಿಕ್ಸೆಲ್ಲಿಗೆ, ಅಂದರೆ ಚೌಕಳಿ ಚುಕ್ಕಿಗಳಿಗೆ, ಇಳಿಸುವಾಗ ಎಷ್ಟು ಅಗಲ ಎಂದು ನಾವೇ ಹೇಳಬೇಕು. ಆಮೇಲೆ ಎಷ್ಟು ಎಳೆದರೂ ಹೊಸ ಗೆರೆ ಹುಟ್ಟುವುದಿಲ್ಲ.

ಕಲ್ಲಿನ ಪುಡಿ ಎದೆಯಲ್ಲಿ ಕೂತು, ಭಾವ ಕೆಮ್ಮಿ ಕೆಮ್ಮಿ ಹೋದರು. ಮನೆಯಲ್ಲಿ ಆಧಾರ್ ಕಾರ್ಡಿನ ಮಸುಕು ಫೋಟೊ ಬಿಟ್ಟರೆ ಬೇರೊಂದಿರಲಿಲ್ಲ. "ನೀ ಬಿಡಿಸಿದ ಚಿತ್ರಾನೇ ಹಾಕು," ಎಂದಳು ಅಕ್ಕ. "ಚೌಕ್‌ನಾಗ ದೊಡ್ಡ ಬ್ಯಾನರ್ ಆಗ್ಬೇಕು. ಪುಢಾರಿಗೋಳ ಮಾರಿ ದಿನಾ ನೋಡ್ತೀವಿ, ಒಂದಿನ ಮಂದಿ ಇವರ ಮಾರೀನೂ ನೋಡ್ಲಿ."

ಗಿರಾಕಿ ಒಪ್ಪಲೆಂದು ಮೊದಲು ವಾಟ್ಸಾಪಿಗೆ ಆರುನೂರು ಪಿಕ್ಸೆಲ್ ಅಗಲದ ಸಣ್ಣ ಪ್ರತಿ ಕಳಿಸುವುದು ನಮ್ಮ ಅಂಗಡಿಯ ಪದ್ಧತಿ. ಅಕ್ಕನಿಗೂ ಕಳಿಸಿದೆ. ಅವಳು ಹೂಂ ಅಂದಳು. ಕಣ್ಣೀರು ಒರೆಸಿಕೊಳ್ಳುತ್ತ ಮೂಲ ಚಿತ್ರದ ಬದಲು ಅದೇ ಸಣ್ಣ ಪ್ರತಿಯನ್ನು ಹತ್ತಡಿಗೆ ಎಳೆದು ಮಷಿನ್ನಿಗೆ ಕೊಟ್ಟೆ. ವರ್ಷಗಟ್ಟಲೆ ಇದೇ ಕೆಲಸ ಮಾಡಿದ ಕತ್ತೆ ನಾನು!

ಅಂಗಡಿಯ ಹುಡುಗರು ಅದನ್ನು ಒಯ್ದು ಚೌಕಿನಲ್ಲಿ ಕಟ್ಟಿದರು. ಮಣ್ಣು ಮಾಡಿದ ಮೂರನೇ ದಿನ ಅಕ್ಕ ಚೌಕಿಗೆ ಬಂದು ಬ್ಯಾನರಿನ ಹತ್ತಿರ ನಿಂತಳು. ಮುಖವೆಲ್ಲ ಚೌಕಳಿ ಚೌಕಳಿಯಾಗಿತ್ತು. "ಕಣ್ಣು ಎಲ್ಲಿ ಅವೋ?" ಅಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾಳೆಯೇ ಬೇರೆ ಮಾಡಿಕೊಡುತ್ತೇನೆಂದೆ.

"ಬ್ಯಾಡ. ಮಣ್ಣಿಗೆ ಬಂದ ಮಂದಿ ಎಲ್ಲಾ ಹೋದ್ರು. ಇನ್ ಯಾರಿಗೆ ತೋರಸ್ತಿ?"

ಎರಡು ತಿಂಗಳಾದ ಮೇಲೆ ಅಕ್ಕನನ್ನು ಬೈಕಿನಲ್ಲಿ ಕೂರಿಸಿಕೊಂಡು ವಾಡಿಗೆ ಹೊರಟಿದ್ದೆ. ರಸ್ತೆ ಬದಿಯಲ್ಲಿ ಕಾರ್ಮಿಕರ ಸುರಕ್ಷತೆಯ ದೊಡ್ಡ ಫಲಕ, ಅದರಲ್ಲಿ ನಮ್ಮ ಭಾವ! ಯಾರೋ ಆ ತಾಣದಲ್ಲಿ ನನ್ನ ಚಿತ್ರ ಕೊಂಡು, ತಲೆಗೆ ಹೆಲ್ಮೆಟ್, ಮೂಗು ಬಾಯಿಗೆ ಧೂಳು ತಡೆಯುವ ಮಾಸ್ಕ್ ತೊಡಿಸಿದ್ದರು. ಇಪ್ಪತ್ತಡಿ ಎತ್ತರದಲ್ಲೂ ರೆಪ್ಪೆಗೂದಲು ಎಣಿಸಬಹುದಿತ್ತು.

ಅಕ್ಕ ಗಾಡಿ ನಿಲ್ಲಿಸೆಂದಳು. ಇಳಿದು ಬಹಳ ಹೊತ್ತು ಮೇಲೆ ನೋಡುತ್ತ ನಿಂತಳು.

"ಕಣ್ಣು ಭಾಳ ಛಂದ ಬಂದಾವ," ಅಂದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಆ ಬಾಯಿಗ್ ಕಟ್ಟೋದು ಆಗ್ಲೇ ಯಾರರ ಕೊಟ್ಟಿದ್ರ ಇರ್ತಿದ್ರಲ್ಲೋ."