ಚಪ್ಪರಕ್ಕೆ ಹೋದ ಗೊನೆ

ಆಷಾಢ ಇರಲಾರದು. ಡೈರಿಯಲ್ಲಿ ಆಷಾಢ ಎಂದೇ ಬರೆದುಕೊಂಡಿದ್ದೇನೆ, ಅಕ್ಷರವೂ ನನ್ನದೇ. ಆದರೆ ಆಷಾಢದಲ್ಲಿ ಮದುವೆಗೆ ಯಾರು ಚಪ್ಪರ ಹಾಕುತ್ತಾರೆ? ಸಿಟ್ಟಿನಲ್ಲಿ ಬರೆದವಳ ತಿಂಗಳನ್ನು ನಂಬುವಂತಿಲ್ಲ. ಸಿಟ್ಟು ಮಾತ್ರ ಹಾಗೇ ಇದೆ.

ನಾನು ನಂಜನಗೂಡಿನ ಶಾಲೆಯೊಂದರಲ್ಲಿ ಟೀಚರ್, ಮನೆ ತಿ. ನರಸೀಪುರದಲ್ಲಿ. ವರ್ಷದ ಕೊನೆಗೆ ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ತಮ್ಮ ಸಾಧನೆ ಬರೆಯಬೇಕೆಂದು ಆಜ್ಞೆಯಾಯಿತು. ನಲವತ್ತೇಳನೇ ವಯಸ್ಸಿಗೆ ಸ್ಕೂಟರ್ ಕಲಿತು ಬಸ್ಸಿನ ಹಂಗು ಬಿಟ್ಟಿದ್ದೆ. ಒಂದು ತಿಂಗಳು ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆದಿದ್ದೆ. ಮಕ್ಕಳು ಮೊದಲು ನಕ್ಕರು, ಆಮೇಲೆ ತಾವೂ ಬರೆದರು. ಸಕ್ಕರೆಯಿಲ್ಲದ ಕಾಫಿಯನ್ನು ಹನ್ನೊಂದು ದಿನ ಕುಡಿದು ಸೋತಿದ್ದೆ. ಆದರೆ ನಾನು ಬರೆಯಬೇಕೆಂದಿದ್ದದ್ದು ಒಂದೇ ಸಾಲು: ಹಿತ್ತಿಲಲ್ಲಿ ನಂಜನಗೂಡು ರಸಬಾಳೆ ಬೆಳೆದೆ.

ಊರಿನ ಹೆಸರು ಹೊತ್ತ ಹಣ್ಣು ಊರಿನಲ್ಲೇ ಅಪರೂಪ. ಸೊರಗು ರೋಗ ತೋಟ ತೋಟವನ್ನೇ ತಿಂದುಹಾಕಿದೆ. ಅಂಗಡಿಯಲ್ಲಿ ಯಾವುದೋ ಹಣ್ಣು ಕೊಟ್ಟು ರಸಬಾಳೆ ಎನ್ನುತ್ತಾರೆ, ನಾವೂ ತಲೆಯಾಡಿಸಿ ತಿನ್ನುತ್ತೇವೆ. ಬಿಳಿಗೆರೆ ಕಡೆಯ ಮುದುಕರೊಬ್ಬರು ತಮ್ಮಲ್ಲಿ ಉಳಿದಿದ್ದ ಕೊನೆಯ ಬುಡದಿಂದ ಒಂದು ಬಾಳೆಕಂದು ಕಿತ್ತುಕೊಟ್ಟು ಹೇಳಿದ್ದರು: "ಅಸಲಿನೇ ಕಣವ್ವ. ಆದ್ರೂ ಅಣ್ಣು ಬಾಯ್ಗಾಕೋಗಂಟ ನಂಬಬ್ಯಾಡ. ನನ್ನೂ ನಂಬಬ್ಯಾಡ."

ನಂಬಲಿಲ್ಲ, ಸಾಕಿದೆ. ಬೇವಿನ ಹಿಂಡಿ, ಬೂದಿ, ಗೊಬ್ಬರ ಹಾಕಿದೆ. ಎಲೆಯೊಂದು ಹಳದಿಯಾದರೆ ಶಾಲೆಯಲ್ಲಿ ಪಾಠ ತಪ್ಪುತ್ತಿತ್ತು. ವರ್ಷ ಕಳೆಯುತ್ತಿದ್ದಂತೆ ಗೊನೆ ಬಂತು. ಕಾಯಿಗಳ ಏಣು ಇನ್ನೂ ಚೂಪಾಗಿಯೇ ಇತ್ತು, ಬಲಿಯಲು ಒಂದು ತಿಂಗಳಾದರೂ ಬೇಕಿತ್ತು.

ಪಕ್ಕದ ಮನೆ ನನ್ನ ಗಂಡನ ಅಣ್ಣ, ಭಾವನವರದು. ಅವರ ಮಗಳ ಮದುವೆಯ ಹಿಂದಿನ ದಿನ ಶಾಲೆಯಿಂದ ಬಂದು ಸ್ಕೂಟರ್ ನಿಲ್ಲಿಸಿದರೆ, ಚಪ್ಪರದ ಬಾಗಿಲಲ್ಲಿ ಎಡಕ್ಕೊಂದು ಬಲಕ್ಕೊಂದು ಗೊನೆ ಸಮೇತ ಬಾಳೆಕಂಬ. ಬಲಗಡೆಯದು ನನ್ನದು.

"ಭಾವ, ನನ್ ಬಾಳೆ ಯಾಕ್ ಕಡುದ್ರಿ?"

"ಬಾಳೆ ಬೆಳ್ಸದು ಇನ್ಯಾತುಕ್ಕವ್ವ? ಗೊನೆ ಬುಟ್ಟಿದ್ದು ಒಂದೇ ಸಿಕ್ತು ಸಂತೇಲಿ. ಜೋಡಿಗ್ ಬೇಕಲ್ಲ."

"ಒಂದ್ ಮಾತ್ ಕೇಳ್ಬೋದಿತ್ತು."

"ನಮ್ಮನೆ ಬಾಳೆಗೂ ಅರ್ಜಿ ಆಕ್ಬೇಕಾ? ತಾಲ್ಲೂಕಾಫೀಸಾ ಇದು?"

ಹೂ ಕಟ್ಟುತ್ತಿದ್ದ ನನ್ನ ಓರಗಿತ್ತಿ ತಲೆಯೆತ್ತದೆ, "ಟೀಚರಮ್ಮ ಬಾಳೇಕಾಯ್ಗೂ ಆಜ್ರಿ ತಕ್ಕತಾರೆ ಕಣ್ರೀ" ಎಂದಳು. ಚಪ್ಪರವೆಲ್ಲ ನಕ್ಕಿತು.

ಇದೇ ಭಾವ ನನ್ನ ಸ್ಕೂಟರ್ ಬೇಕಾದಾಗ ಮೂರು ಸಲ ಕೇಳಿ ಕೀ ತೆಗೆದುಕೊಳ್ಳುತ್ತಾರೆ. ಸ್ಕೂಟರ್ ನನ್ನದು, ಬಾಳೆ ಮನೆಯದು. ಹೆಂಗಸು ಹಿತ್ತಿಲಲ್ಲಿ ಬೆಳೆದದ್ದೆಲ್ಲ ತಾನೇ ಹುಟ್ಟಿಕೊಂಡದ್ದು ಎಂಬ ಲೆಕ್ಕ. ಮದುವೆಮನೆಯಲ್ಲಿ ಮುಖ ಊದಿಸಬಾರದಂತೆ. ಊದಿಸಿದೆ. ಫೋಟೋದಲ್ಲೂ ಹಾಗೇ ಬಂದಿದೆ.

ಬುಡದ ಮರಿಗಳಾದರೂ ಇರುತ್ತವೆ ಎಂದು ಹಿತ್ತಿಲಿಗೆ ಓಡಿದೆ. ಅಡುಗೆಯವರು ಅಲ್ಲೇ ಒಲೆಗೆ ಗುಂಡಿ ತೋಡಿದ್ದರು. ಕಿತ್ತ ಮರಿಗಳು ಸೌದೆಯ ಪಕ್ಕ ಬಾಡಿಕೊಂಡು ಬಿದ್ದಿದ್ದವು. ಎರಡನ್ನು ಬೇರೆಡೆ ನೆಟ್ಟೆ, ಬದುಕಲಿಲ್ಲ. ಚಪ್ಪರ ಬಿಚ್ಚಿದ ದಿನ ಗೊನೆಯಿಂದ ಒಂದು ಚಿಪ್ಪು ತಂದು ಹುಲ್ಲಿನಲ್ಲಿ ಮುಚ್ಚಿಟ್ಟೆ. ಎಳೆಗಾಯಿ, ಬಿಸಿಲಲ್ಲಿ ಬೆಂದದ್ದು. ಹಣ್ಣಾಗದೆ ಕಪ್ಪಗೆ ಸುಕ್ಕಾಯಿತು. ಬಿಳಿಗೆರೆಗೆ ಹೋದರೆ, ಮುದುಕರ ಆ ಬುಡಕ್ಕೂ ರೋಗ ತಗುಲಿ ಅಗೆದು ಸುಟ್ಟಿದ್ದರು.

ಗುಂಪಿನಲ್ಲಿ ಸ್ಕೂಟರಿನ ಸಂಗತಿ ಬರೆದೆ. ಚಪ್ಪಾಳೆಯ ಚಿತ್ರಗಳು ಸಾಲಾಗಿ ಬಂದವು. ರಸಬಾಳೆಯ ಸಾಲನ್ನು ಟೈಪ್ ಮಾಡಿ ಅಳಿಸಿದೆ. ನಾನು ಬೆಳೆದದ್ದು ರಸಬಾಳೆಯೋ, ಬೇರೆ ಯಾವುದೋ ಬಾಳೆಯೋ, ನನಗೆ ಗೊತ್ತಿಲ್ಲ.