ತೆಳು ಹುಣಸೆರಸದ ಬಾಟಲಿ

ಹರವೆಯ ಶಿವರುದ್ರಸ್ವಾಮಿ ಮೇಷ್ಟ್ರು ರಿಟೈರಾಗಿ ಎಷ್ಟೋ ಕಾಲವಾದರೂ ಬೇಸಿಗೆ ರಜೆ ಬಂತೆಂದರೆ ಅವರ ಮನೆಯ ಜಗುಲಿಯೇ ಲ್ಯಾಬು. ಬನಿಯನ್ನಿನ ತುಂಬ ಹುಣಸೆಯ ಕಲೆ. ಹಣೆಯ ಮೇಲಿರುವುದರಲ್ಲಿ ವಿಭೂತಿ ಎಷ್ಟು, ಅಡುಗೆ ಸೋಡ ಎಷ್ಟು ಎಂಬುದು ಅವರ ಹೆಂಡತಿಗೂ ತಿಳಿಯದು. ಒಂದು ಬಾಟಲಿಗೆ ಗಟ್ಟಿ ಹುಣಸೆರಸ, ಇನ್ನೊಂದಕ್ಕೆ ಅಷ್ಟೇ ಅಳತೆಯ, ನೀರು ಬೆರೆಸಿದ ತೆಳು ರಸ ಹಾಕಿ, ಎರಡರ ಬಾಯಿಗೂ ಸೋಡ ತುಂಬಿದ ಬಲೂನು ಸಿಕ್ಕಿಸುತ್ತಾರೆ. ಬಲೂನು ಎತ್ತಿ ಸೋಡ ಒಳಗೆ ಸುರಿದರೆ ಬುಸ್ಸೆಂದು ನೊರೆ. "ಸೋಡ ಎಲ್ಡಕ್ಕೂ ಒಂದೇ ಕಣ್ರಪ್ಪಾ! ಉಳಿ ಗಟ್ಟಿಯಾದಷ್ಟೂ ಗ್ಯಾಸು ಜಾಸ್ತಿ!" ಎಂದು ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗುತ್ತಾರೆ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಭಾನು ರಜೆಗೆ ಅಜ್ಜಿಯ ಮನೆಗೆ ಬಂದಾಗಲೆಲ್ಲ ಆ ಜಗುಲಿಯಲ್ಲೇ ಇರುತ್ತಿದ್ದಳು. ಅವಳ ಪಾಲಿಗೆ ಪ್ರತಿಸಲವೂ ತೆಳು ರಸದ ಬಾಟಲಿಯೇ. ಬಲೂನು ನಿಂಬೆಹಣ್ಣಿನಷ್ಟಾಗಿ ತಲೆ ವಾಲಿಸುತ್ತಿತ್ತು. ಪಟ್ಟಣದವಳೆಂಬ ತಾತ್ಸಾರ ಇದು ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಈ ಬೇಸಿಗೆ ಮಗಳನ್ನು ಕರೆತಂದವಳಿಗೆ ಒಂದೇ ಚಿಂತೆ: ಬಲೂನು ಒಡೆದು ಮಗುವಿನ ಕಣ್ಣಿಗೆ ಸಿಡಿದರೆ? "ಮೇಷ್ಟ್ರೇ, ಇವಳನ್ನ ಸ್ವಲ್ಪ ಹಿಂದೆ ಕೂರಿಸಿ," ಎಂದಳು. ಮೇಷ್ಟ್ರು ಮಗುವಿನ ಅರಳಿದ ಕಣ್ಣು ನೋಡಿ, ಗಟ್ಟಿ ರಸದ ಬಾಟಲಿಯನ್ನು ಅದರ ಕೈಗೇ ಇತ್ತರು. ಆಮೇಲೆ ತೆಳು ರಸದ್ದನ್ನು ಭಾನುವಿನತ್ತ ಚಾಚಿ, ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿದರು: "ಎದರ್ಕಬೇಡ ಕಣಮ್ಮಿ, ಇದು ನಿಧಾನಕ್ಕೆ ಉಬ್ತದೆ. ಅದ್ಕೇ ಅಲ್ವಾ, ಆಗ್ಲೂ ನಿಂಗೆ ಇದ್ನೇ ಕೊಡ್ತಿದ್ದದ್ದು."